ಲೇಡಿ ಮ್ಯಾಕ್‌ಬೆತ್ ಮೇಲಿನ ಚಾಡಿ

ಇಂಗ್ಲಿಷ್ ಸಾಹಿತ್ಯದ ಪ್ರಶ್ನೆಪತ್ರಿಕೆಗಳಲ್ಲಿ ಒಂದು ಪ್ರಶ್ನೆಗೆ ಮುಪ್ಪೇ ಬಂದಿಲ್ಲ: ಲೇಡಿ ಮ್ಯಾಕ್‌ಬೆತ್ ನಾಲ್ಕನೆಯ ಮಾಟಗಾತಿಯೇ, ಚರ್ಚಿಸಿ. ಚರ್ಚಿಸುವುದಕ್ಕೆ ಅಲ್ಲೇನೂ ಉಳಿದಿಲ್ಲ, ಉತ್ತರ ಗೈಡುಗಳಲ್ಲಿ ಸಿದ್ಧವಾಗಿದೆ. ಮ್ಯಾಕ್‌ಬೆತ್ ಶೂರ, ರಾಜನಿಷ್ಠ, ಒಳಗೊಳಗೇ ಒಂದಿಷ್ಟು ಆಸೆಯಿದ್ದರೂ ಕೈ ಶುದ್ಧವಾಗಿದ್ದವನು. ಹೆಂಡತಿ ಅವನ ತಲೆ ಕೆಡಿಸಿದಳು. ತನ್ನ ಹೆಣ್ತನವನ್ನು ತಾನೇ ಕಿತ್ತೊಗೆದಳು, ಗಂಡನ ಗಂಡಸ್ತನವನ್ನು ಕೆಣಕಿದಳು, ಮನೆಗೆ ಬಂದ ಮುದಿರಾಜನನ್ನು ಕೊಲ್ಲಿಸಿದಳು, ಕಡೆಗೆ ಬುದ್ಧಿ ಕಲಕಿ ಸತ್ತಳು. ಮಾಡಿದ್ದುಣ್ಣೋ ಮಹಾರಾಯ್ತಿ. ಇಷ್ಟು ಬರೆದವರಿಗೆ ಪಾಸಿಗಂತೂ ಮೋಸವಿಲ್ಲ.

ಈ ಓದು ತರಗತಿಯಲ್ಲೇ ಉಳಿದಿದ್ದರೆ ಸುಮ್ಮನಿರಬಹುದಿತ್ತು. ಅದು ಊರೆಲ್ಲ ತಿರುಗುತ್ತದೆ. 1992ರಲ್ಲಿ ಬಿಲ್ ಕ್ಲಿಂಟನ್ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದಾಗ ‘ಅಮೆರಿಕನ್ ಸ್ಪೆಕ್ಟೇಟರ್’ ಪತ್ರಿಕೆ ಅವರ ಹೆಂಡತಿ ಹಿಲರಿಯನ್ನು ಲಿಟಲ್ ರಾಕ್‌ನ ಲೇಡಿ ಮ್ಯಾಕ್‌ಬೆತ್ ಎಂದು ಕರೆಯಿತು. ಅಧಿಕಾರದಲ್ಲಿರುವ ಗಂಡಸು ತಪ್ಪು ಮಾಡಿದರೆ ಹಿಂದೆ ಹೆಂಡತಿ ಇರಲೇಬೇಕು ಅನ್ನುವವರಿಗೆಲ್ಲ ಈ ಹೆಸರು ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಶೇಕ್ಸ್‌ಪಿಯರ್ ಓದದವರಿಗೂ ಅದರ ಅರ್ಥ ಗೊತ್ತು.

ನನ್ನ ತಕರಾರು ಇದು. ಹೆಣ್ತನ ಬಿಟ್ಟವಳು ಹೇಗೆ ನಾಶವಾಗುತ್ತಾಳೆ ಎಂದು ತೋರಿಸಲು ಶೇಕ್ಸ್‌ಪಿಯರ್ ‘ಮ್ಯಾಕ್‌ಬೆತ್’ ಬರೆದ ಎನ್ನುವುದಕ್ಕೆ ನಾಟಕದಲ್ಲಿ ಆಧಾರವಿಲ್ಲ. ಅಲ್ಲಿ ವಿಚಾರಣೆಗೆ ನಿಂತಿರುವುದು ಗಂಡಸ್ತನದ ಒಂದು ಕಲ್ಪನೆ. ಕೊಲ್ಲಬಲ್ಲವನೇ ಗಂಡಸು ಎಂಬ ಆ ಕಲ್ಪನೆ ಸ್ಕಾಟ್ಲೆಂಡಿನ ರಾಜನಿಂದ ಹಿಡಿದು ಬಾಡಿಗೆ ಕೊಲೆಗಡುಕರವರೆಗೆ ಎಲ್ಲರ ಹತ್ತಿರವೂ ಇದೆ. ಲೇಡಿ ಮ್ಯಾಕ್‌ಬೆತ್ ಅದನ್ನು ಹುಟ್ಟಿಸಿದವಳಲ್ಲ, ನಂಬಿ ಕೆಟ್ಟವಳು. ಅವಳನ್ನು ರಾಕ್ಷಸಿ ಎಂದು ಬೈದು ಮುಗಿಸುವ ಓದು ನಾಟಕದೊಳಗಿನ ಒಬ್ಬ ರಾಜಕಾರಣಿಯ ಮಾತನ್ನೇ ಗಿಣಿಪಾಠ ಒಪ್ಪಿಸುತ್ತಿದೆ. ಆ ರಾಜಕಾರಣಿ ಯಾರು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಾಟಕದ ಎರಡನೆಯ ದೃಶ್ಯ ನೋಡಿ. ಮೈಯೆಲ್ಲ ರಕ್ತವಾದ ಒಬ್ಬ ಸೈನಿಕ ರಣರಂಗದಿಂದ ಬಂದು ರಾಜ ಡಂಕನ್‌ಗೆ ವರದಿ ಒಪ್ಪಿಸುತ್ತಾನೆ. ಮ್ಯಾಕ್‌ಬೆತ್ ಹೆಸರನ್ನು ನಾವು ಒಬ್ಬ ಗಂಡಸಿನ ಬಾಯಲ್ಲಿ ಮೊದಲು ಕೇಳುವುದು ಇಲ್ಲಿ. ಬಿಸಿರಕ್ತದಿಂದ ಹಬೆಯಾಡುವ ಕತ್ತಿ ಹಿಡಿದು ಮ್ಯಾಕ್‌ಬೆತ್ ದಾರಿ ಕೊರೆದುಕೊಂಡು ಹೋದ. ಬಂಡುಕೋರ ಮ್ಯಾಕ್‌ಡೊನ್ವಾಲ್ಡ್‌ನನ್ನು ಹೊಕ್ಕುಳಿಂದ ದವಡೆಯ ತನಕ ಸೀಳಿದ. ತಲೆ ತೆಗೆದು ಕೋಟೆಯ ಮೇಲೆ ನೆಟ್ಟ. ಇದನ್ನು ಕೇಳಿದ ಡಂಕನ್ ಮುಖ ಸಿಂಡರಿಸಲಿಲ್ಲ. ಎಂಥ ವೀರ, ಎಂಥ ಯೋಗ್ಯ ಸಭ್ಯಸ್ಥ ಎಂದು ಹೊಗಳಿದ. ದೃಶ್ಯ ಮುಗಿಯುವುದರೊಳಗೆ ಮ್ಯಾಕ್‌ಬೆತ್‌ಗೆ ಕಾಡರ್‌ನ ಒಡೆತನದ ಬಿರುದು ಮಂಜೂರಾಯಿತು. ನಾವು ಮುಗ್ಧ, ಸಾಧು ಎಂದು ಕೊಂಡಾಡುವ ಡಂಕನ್ ಇವನೇ. ಒಬ್ಬ ಮನುಷ್ಯನನ್ನು ಹೊಲಿಗೆ ಬಿಚ್ಚಿದ ಹಾಗೆ ಬಿಚ್ಚಿದ್ದಕ್ಕೆ ಜಹಗೀರು ಕೊಡುವ ವ್ಯವಸ್ಥೆಗೆ ಇವನೇ ಯಜಮಾನ. ಲೇಡಿ ಮ್ಯಾಕ್‌ಬೆತ್ ರಂಗಕ್ಕೆ ಬರಲು ಇನ್ನೂ ಎರಡು ದೃಶ್ಯ ದಾಟಬೇಕು.

ಅವಳು ಬರುವ ಮುಂಚೆಯೇ ಇನ್ನೊಂದು ಸಂಗತಿ ನಡೆದುಹೋಗುತ್ತದೆ. ಮಾಟಗಾತಿಯರು ನೀನು ರಾಜನಾಗುತ್ತೀಯ ಎಂದರೇ ಹೊರತು ಕೊಲ್ಲು ಎಂದು ಹೇಳಲಿಲ್ಲ. ಕೊಲೆಯ ಯೋಚನೆ ಮ್ಯಾಕ್‌ಬೆತ್‌ನದೇ. ಮಾತು ಕೇಳಿ ಅವನು ಬೆಚ್ಚಿದ್ದನ್ನು ಪಕ್ಕದಲ್ಲಿದ್ದ ಬ್ಯಾಂಕೋ ಗಮನಿಸುತ್ತಾನೆ, ಇಷ್ಟು ಒಳ್ಳೆಯ ಮಾತಿಗೆ ಹೆದರುವುದೇಕೆ ಎಂದು ಕೇಳುತ್ತಾನೆ. ಮ್ಯಾಕ್‌ಬೆತ್‌ನ ಮೈಕೂದಲು ನಿಮಿರಿದೆ, ಎದೆ ಪಕ್ಕೆಲುಬಿಗೆ ಬಡಿಯುತ್ತಿದೆ, ತಾನು ನೆನೆದುದಕ್ಕೆ ತಾನೇ ನಡುಗುತ್ತಿದ್ದಾನೆ. ಹೆಂಡತಿಗೆ ಕಾಗದ ಹೋಗುವುದು ಇದಾದ ಮೇಲೆ. ತಲೆ ಕೆಡಿಸಿದವಳು ಅವಳು ಎನ್ನುವವರು ಈ ದೃಶ್ಯವನ್ನು ಎಲ್ಲಿ ಬಚ್ಚಿಟ್ಟಿದ್ದಾರೋ!

ಈಗ ಅವಳ ಆವಾಹನೆಗೆ ಬರೋಣ. ಕೊಲೆಗೆ ಬೆಂಬಲವಾಗುವ ಭೂತಗಳನ್ನು ಕರೆದು, ನನ್ನಲ್ಲಿರುವ ಹೆಣ್ಣನ್ನು ತೆಗೆದುಬಿಡಿ, ನನ್ನ ರಕ್ತ ದಪ್ಪಗಾಗಲಿ, ಎದೆಹಾಲು ಪಿತ್ತವಾಗಲಿ ಎಂದು ಅವಳು ಬೇಡುತ್ತಾಳೆ. ಸಾಂಪ್ರದಾಯಿಕ ಓದಿನ ಇಡೀ ಕಟ್ಟಡ ನಿಂತಿರುವುದು ಈ ಒಂದು ಭಾಷಣದ ಮೇಲೆ. ಆದರೆ ಕ್ರೌರ್ಯವನ್ನು ಬೇಡಿಕೊಳ್ಳಬೇಕಾದರೆ ಅದು ತನ್ನಲ್ಲಿಲ್ಲ ಎಂಬುದು ಮೊದಲು ಗೊತ್ತಿರಬೇಕು. ಹುಟ್ಟಾ ಕ್ರೂರಿಗೆ ಭೂತಗಳ ಹಂಗೇಕೆ? ಅವಳು ಕೇಳುತ್ತಿರುವುದು ಏನನ್ನು ಎಂದು ಸ್ವಲ್ಪ ನಿಂತು ನೋಡಿ: ಮರುಕ ಬಾರದಿರಲಿ, ಪಶ್ಚಾತ್ತಾಪ ಒಳಗೆ ಸುಳಿಯದಿರಲಿ, ಕತ್ತಿಗೆ ತಾನು ಮಾಡಿದ ಗಾಯ ಕಾಣದಿರಲಿ. ಮೊದಲ ಅಂಕದಲ್ಲಿ ಆ ಸೈನಿಕ ವರ್ಣಿಸಿದ, ಡಂಕನ್ ಹೊಗಳಿದ ಮ್ಯಾಕ್‌ಬೆತ್ ಯಾರೋ ಅವನ ಹಾಗೆ ತಾನೂ ಆಗಲಿ ಎಂದೇ ಅವಳ ಪ್ರಾರ್ಥನೆ. ಅದೇ ಗುಣ ಗಂಡಸಿನಲ್ಲಿದ್ದಾಗ ಶೌರ್ಯ, ಹೆಣ್ಣು ಬಯಸಿದಾಗ ಮಾಟ. ಈ ತಕ್ಕಡಿ ಶೇಕ್ಸ್‌ಪಿಯರ್‌ನದಲ್ಲ, ನಮ್ಮ ಗೈಡುಗಳದು.

ಪ್ರಾರ್ಥನೆ ಫಲಿಸಿತೇ? ಫಲಿಸಲಿಲ್ಲ. ಕೊಲೆಯ ರಾತ್ರಿ ಅವಳಿಗೆ ಧೈರ್ಯಕ್ಕೆ ಕುಡಿತ ಬೇಕಾಗುತ್ತದೆ. ನಿದ್ದೆಯಲ್ಲಿದ್ದ ರಾಜನ ಮುಖ ಅಪ್ಪನ ಮುಖದಂತೆ ಕಂಡಿತು, ಇಲ್ಲದಿದ್ದರೆ ನಾನೇ ಮುಗಿಸುತ್ತಿದ್ದೆ ಎನ್ನುತ್ತಾಳೆ. ಅಪ್ಪನ ನೆನಪು ಬಂದು ಕೈ ಹಿಂತೆಗೆದವಳನ್ನು ನಾವು ಕಲ್ಲೆದೆಯವಳು ಎನ್ನುತ್ತೇವೆ. ಕೈ ಹಿಂತೆಗೆಯದವನನ್ನು ಉದಾತ್ತ ದುರಂತ ನಾಯಕ ಎನ್ನುತ್ತೇವೆ.

ಈ ಪಾತ್ರದಿಂದಲೇ ಹೆಸರಾದ ನಟಿ ಸಾರಾ ಸಿಡನ್ಸ್ ಕೂಡ ಈ ಹೆಂಗಸನ್ನು ಗಡಸು ಗಂಡುಬೀರಿಯಾಗಿ ಕಲ್ಪಿಸಿಕೊಂಡಿರಲಿಲ್ಲ. ಪಾತ್ರದ ಕುರಿತು ಬರೆದಿಟ್ಟ ಟಿಪ್ಪಣಿಯಲ್ಲಿ ಅವರು ಅವಳನ್ನು ಬಿಳುಪಿನ, ಕೋಮಲ, ನಾಜೂಕು ಹೆಂಗಸು ಎಂದು ಊಹಿಸಿದ್ದಾರೆ. 1785ರಲ್ಲಿ ಲಂಡನ್ನಿನ ಡ್ರೂರಿ ಲೇನ್‌ನಲ್ಲಿ ಅವರು ಈ ಪಾತ್ರ ಮಾಡುವ ತನಕ ನಿದ್ದೆಗಣ್ಣಿನ ನಡಿಗೆಯ ದೃಶ್ಯದಲ್ಲಿ ನಟಿ ಮೋಂಬತ್ತಿಯನ್ನು ಕೈಯಲ್ಲೇ ಹಿಡಿದಿರುವುದು ರೂಢಿ. ಸಿಡನ್ಸ್ ಅದನ್ನು ಕೆಳಗಿಟ್ಟು ಎರಡೂ ಕೈ ಉಜ್ಜಿಕೊಂಡರು. ರಂಗಮಂದಿರ ನಡೆಸುತ್ತಿದ್ದ ನಾಟಕಕಾರ ಶೆರಿಡನ್ ಇದು ಕೂಡದೆಂದು ಆಕ್ಷೇಪಿಸಿದ್ದ. ಒಂದು ಕೈಯಲ್ಲಿ ದೀಪ ಹಿಡಿದುಕೊಂಡು ರಕ್ತ ತೊಳೆಯುವುದು ಹೇಗಪ್ಪ ಎಂಬ ಸಾಮಾನ್ಯ ಪ್ರಶ್ನೆ ಅವನಿಗೆ ಹೊಳೆದಿರಲಿಲ್ಲ.

ಮೊದಲ ಅಂಕದ ಕೊನೆಯ ದೃಶ್ಯಕ್ಕೆ ಬರುತ್ತೇನೆ, ಜಗಳದ ಮೂಲ ಅಲ್ಲಿದೆ. ಡಂಕನ್ ಒಳಗೆ ಊಟಕ್ಕೆ ಕೂತಿದ್ದಾನೆ. ಮ್ಯಾಕ್‌ಬೆತ್ ಎದ್ದು ಹೊರಬಂದು ಬೇಡ, ಇದನ್ನು ಇಲ್ಲಿಗೆ ಬಿಡೋಣ ಎನ್ನುತ್ತಾನೆ. ಹೆಂಡತಿ ಅವನನ್ನು ಹೇಡಿ ಎಂದು ಹಂಗಿಸುತ್ತಾಳೆ. ಮನುಷ್ಯನಿಗೆ ತಕ್ಕುದನ್ನೆಲ್ಲ ಮಾಡುವ ಧೈರ್ಯ ನನಗಿದೆ, ಅದನ್ನು ಮೀರುವವನು ಮನುಷ್ಯನೇ ಅಲ್ಲ ಎಂಬರ್ಥದ ಉತ್ತರ ಅವನಿಂದ ಬರುತ್ತದೆ. ಇಡೀ ನಾಟಕದಲ್ಲಿ ಗಂಡಸ್ತನದ ಬಗ್ಗೆ ಯಾರಾದರೂ ಆಡಿದ ತೂಕದ ಮಾತು ಇದೊಂದೇ ಇರಬೇಕು. ಹಾಗಾದರೆ ಈ ಕೆಲಸದ ಪ್ರಸ್ತಾಪ ನನ್ನ ಮುಂದೆ ಇಟ್ಟಾಗ ನಿನ್ನೊಳಗಿದ್ದ ಮೃಗ ಯಾವುದು, ಆಗ ನೀನು ಗಂಡಸಾಗಿದ್ದೆ ಎಂದು ಅವಳು ತಿರುಗಿ ಕೇಳುತ್ತಾಳೆ. ಎಂದರೆ ಪ್ರಸ್ತಾಪ ಇಟ್ಟವನು ಅವನು! ಮ್ಯಾಕ್‌ಬೆತ್ ಇದನ್ನು ಅಲ್ಲಗಳೆಯುವುದಿಲ್ಲ. ಆಮೇಲೆ ಬರುತ್ತದೆ ಆ ಕುಖ್ಯಾತ ಮಾತು: ಹಾಲು ಕುಡಿಯುತ್ತಿರುವ ಕೂಸನ್ನು ಮೊಲೆಯಿಂದ ಕಿತ್ತು ತಲೆ ಒಡೆಯುತ್ತಿದ್ದೆ, ನಿನ್ನ ಹಾಗೆ ಆಣೆ ಮಾಡಿದ್ದರೆ. ಇದನ್ನು ಸಮರ್ಥಿಸಲು ನಾನು ಹೊರಟಿಲ್ಲ. ಆದರೆ ಇದಕ್ಕೆ ಮ್ಯಾಕ್‌ಬೆತ್‌ನ ಉತ್ತರ ಏನು? ಅವನಿಗೆ ಹೇಸಿಗೆಯಾಗಲಿಲ್ಲ. ನಿನ್ನ ಈ ಕೆಚ್ಚಿಗೆ ಗಂಡುಮಕ್ಕಳೇ ಹುಟ್ಟಬೇಕು, ಹೆಣ್ಣು ಹುಟ್ಟಬಾರದು ಎಂದು ಮೆಚ್ಚಿಕೊಳ್ಳುತ್ತಾನೆ. ಕೂಸಿನ ತಲೆ ಒಡೆಯುವುದು ಗಂಡುಮಕ್ಕಳನ್ನು ಹಡೆಯುವವಳ ಲಕ್ಷಣ ಎಂದು ಹೇಳಿದವನು ಅವನು. ಎಷ್ಟು ಜನ ಮೇಷ್ಟ್ರುಗಳು ಈ ಉತ್ತರದ ಹತ್ತಿರ ನಿಂತು ಪಾಠ ಮಾಡುತ್ತಾರೆ?

ಗಂಡನ ಗಂಡಸ್ತನವನ್ನು ಹಂಗಿಸಿದ್ದೇ ಅಪರಾಧವಾದರೆ ಕನ್ನಡದ ಓದುಗರು ಇನ್ನೊಬ್ಬಳ ಮೇಲೂ ಆರೋಪಪಟ್ಟಿ ಹಾಕಬೇಕಾಗುತ್ತದೆ. ಕುಮಾರವ್ಯಾಸನ ದ್ರೌಪದಿ ವಿರಾಟನ ಅಡುಗೆಮನೆಯಲ್ಲಿ ಭೀಮನನ್ನು ಎಬ್ಬಿಸಿ ಆಡುವ ಮಾತುಗಳನ್ನು ಗಮಕಿಗಳ ಬಾಯಲ್ಲಿ ಕೇಳಿ ತಲೆದೂಗುವವರು ನಾವೇ. ಐವರು ಗಂಡಂದಿರಿದ್ದೂ ಪ್ರಯೋಜನವಿಲ್ಲ ಎಂದು ಅವಳು ಮೂದಲಿಸುತ್ತಾಳೆ, ಭೀಮ ಕೀಚಕನನ್ನು ಮುದ್ದೆ ಮಾಡುತ್ತಾನೆ, ನಾವು ಚಪ್ಪಾಳೆ ತಟ್ಟುತ್ತೇವೆ. ದ್ರೌಪದಿಯ ಸಂಕಟ ನ್ಯಾಯದ್ದು, ಲೇಡಿ ಮ್ಯಾಕ್‌ಬೆತ್‌ಳದು ಅಧಿಕಾರದ ಹಸಿವು, ಎರಡನ್ನೂ ಒಂದೇ ತೂಕಕ್ಕೆ ಹಾಕುವುದು ಅನ್ಯಾಯ, ಒಪ್ಪಿದೆ. ಆದರೆ ಇಬ್ಬರ ಕೈಯಲ್ಲಿರುವ ಆಯುಧ ಒಂದೇ. ತಮ್ಮ ಕೈಯಿಂದ ಆಗಬಾರದೆಂದು ಲೋಕ ಕಟ್ಟಿಹಾಕಿರುವ ಕೆಲಸವನ್ನು ಗಂಡಸಿನ ಕೈಯಿಂದ ಮಾಡಿಸಬೇಕಾದರೆ ಅವರಿಗೆ ಉಳಿದಿರುವ ದಾರಿ, ನೀನು ಗಂಡಸೇ ಎಂದು ಕೇಳುವುದು. ಆ ಪ್ರಶ್ನೆ ಕೆಲಸ ಮಾಡುವುದು ಕೇಳಿದವಳ ಮಾಟದಿಂದಲ್ಲ, ಕೇಳಿಸಿಕೊಂಡವನ ಒಳಗೆ ಮೊದಲೇ ಕೂತಿರುವ ಭಯದಿಂದ. ನಾವೇನು ಕೈಗೆ ಬಳೆ ತೊಟ್ಟುಕೊಂಡಿದ್ದೇವೆಯೇ ಎಂದು ಇವತ್ತೂ ವೇದಿಕೆ ಮೇಲೆ ಗುಡುಗುವ ನಮ್ಮ ಮುಖಂಡರಿಗೆ ಆ ಭಯವನ್ನು ಕಲಿಸಿಕೊಟ್ಟ ಹೆಂಡತಿಯರಿದ್ದಾರೆಂದು ನನಗನ್ನಿಸುವುದಿಲ್ಲ.

ಈ ಆಯುಧ ಅವಳ ಸ್ವಂತದ್ದಲ್ಲ ಎಂಬುದಕ್ಕೆ ಶೇಕ್ಸ್‌ಪಿಯರ್ ಮೂರನೆಯ ಅಂಕದ ಆರಂಭದಲ್ಲೇ ಸಾಕ್ಷಿ ಇಟ್ಟಿದ್ದಾನೆ. ಬ್ಯಾಂಕೋನನ್ನು ಮುಗಿಸಲು ಮ್ಯಾಕ್‌ಬೆತ್ ಇಬ್ಬರನ್ನು ಕರೆಸುತ್ತಾನೆ. ಶೇಕ್ಸ್‌ಪಿಯರ್ ಕಥೆ ಎತ್ತಿಕೊಂಡ ಹಾಲಿನ್‌ಶೆಡ್‌ನ ಚರಿತ್ರೆಯಲ್ಲಿ ಇದು ಒಂದೆರಡು ವಾಕ್ಯದಲ್ಲಿ ಮುಗಿದುಹೋಗುವ ಮಾತು. ನಾಟಕದಲ್ಲಿ ದೊಡ್ಡ ದೃಶ್ಯ. ಇಷ್ಟೆಲ್ಲ ಅನ್ಯಾಯ ಸಹಿಸಿಕೊಂಡು ಕೂರುತ್ತೀರಾ ಎಂದು ರಾಜ ಕೇಳುತ್ತಾನೆ. ನಾವೂ ಗಂಡಸರೇ ದೊರೆ ಎಂದು ಅವರು ಹೇಳುತ್ತಾರೆ. ಪಟ್ಟಿಯಲ್ಲೇನೋ ಗಂಡಸರೇ, ನಾಯಿಗಳ ಪಟ್ಟಿಯಲ್ಲಿ ಬೇಟೆನಾಯಿಯೂ ಇರುತ್ತದೆ ಕಂತ್ರಿನಾಯಿಯೂ ಇರುತ್ತದೆ, ನೀವು ಯಾವ ಜಾತಿ ತೋರಿಸಿ ಎಂದು ಅವನು ಚುಚ್ಚುತ್ತಾನೆ. ಮೊದಲ ಅಂಕದಲ್ಲಿ ಹೆಂಡತಿ ಆಡಿದ ಮಾತೇ ಇದು. ವ್ಯತ್ಯಾಸವೆಂದರೆ ಅವಳಿಗೆ ಎದುರುತ್ತರ ಬಂದಿತ್ತು, ಇಲ್ಲಿ ಎದುರುತ್ತರವೂ ಇಲ್ಲ. ಡಂಕನ್ ಸತ್ತ ಬೆಳಗ್ಗೆ ಗಾಬರಿಯಾದ ಸರದಾರರನ್ನೆಲ್ಲ ಸೇರಿಸಿ, ಗಂಡಸರ ಹಾಗೆ ಸಜ್ಜಾಗಿ ಬನ್ನಿ ಎಂದು ಹೇಳಿದವನೂ ಇವನೇ. ಅದೇ ಬೆಳಗ್ಗೆ ಸರದಾರ ಮ್ಯಾಕ್‌ಡಫ್ ಲೇಡಿ ಮ್ಯಾಕ್‌ಬೆತ್‌ಗೆ ವಿಷಯ ಹೇಳಲು ಹಿಂಜರಿಯುತ್ತಾನೆ, ಹೆಂಗಸಿನ ಕಿವಿಗೆ ಬಿದ್ದರೆ ಪ್ರಾಣವೇ ಹೋದೀತು ಎನ್ನುತ್ತಾನೆ. ಹೆಂಗಸು ಎಂದರೆ ಏನು ಎಂಬುದು ಈ ಗಂಡಸರಿಗೆಲ್ಲ ಎಷ್ಟು ಖಚಿತವಾಗಿ ಗೊತ್ತು ನೋಡಿ!

ಸಿಂಹಾಸನ ಸಿಕ್ಕಿದ ಮೇಲೆ ಹೆಂಡತಿ ಅವನಿಗೆ ಬೇಡವಾಗುತ್ತಾಳೆ. ಬ್ಯಾಂಕೋನ ಕೊಲೆಯ ಸಂಚನ್ನು ಅವಳಿಗೆ ಬಿಡಿಸಿ ಹೇಳುವುದಿಲ್ಲ. ಮುದ್ದಿನ ಹೆಸರಿಟ್ಟು ಕರೆದು, ಕೆಲಸ ಆದ ಮೇಲೆ ಮೆಚ್ಚುವೆಯಂತೆ ಎಂದು ಬಾಯಿ ಮುಚ್ಚಿಸುತ್ತಾನೆ. ಔತಣದಲ್ಲಿ ಬ್ಯಾಂಕೋನ ಪ್ರೇತ ಕಂಡು ಅವನು ಕಿರುಚಾಡಿದಾಗ ಅವಳು ಹಳೆಯ ಮಂತ್ರವನ್ನೇ ಹಾಕಿ ನೋಡುತ್ತಾಳೆ. ಗಂಡಸೇ ನೀನು, ಇದು ಚಳಿಗಾಲದ ಬೆಂಕಿಯ ಮುಂದೆ ಅಜ್ಜಿ ಹೇಳುವ ಕಥೆ ಕೇಳಿ ಬೆಚ್ಚುವ ಹೆಂಗಸರ ಲಕ್ಷಣ. ಮಂತ್ರ ಈಗ ಹಿಡಿಯುವುದಿಲ್ಲ, ಯಾಕೆಂದರೆ ಅವನು ಅದನ್ನು ಕಲಿತು ಅವಳನ್ನು ದಾಟಿ ಮುಂದೆ ಹೋಗಿದ್ದಾನೆ. ಇಲ್ಲಿಂದ ನಿದ್ದೆಗಣ್ಣಿನ ದೃಶ್ಯದ ತನಕ ಅವಳು ರಂಗದ ಮೇಲೇ ಇರುವುದಿಲ್ಲ. ಮ್ಯಾಕ್‌ಡಫ್‌ನ ಮನೆಗೆ ಕೊಲೆಗಡುಕರನ್ನು ಕಳಿಸುವ ನಿರ್ಧಾರ ಸಂಪೂರ್ಣ ಮ್ಯಾಕ್‌ಬೆತ್‌ನದು, ಅವಳ ಪಾತ್ರ ಕಾಸಿನಷ್ಟೂ ಇಲ್ಲ. ಹೆಂಡತಿ ಕೆಡಿಸಿದಳು ಎನ್ನುವ ವಾದ ಈ ಹಂತದಲ್ಲಿ ಮಾತೇ ಆಡುವುದಿಲ್ಲ. ಹೆಂಡತಿ ಇಲ್ಲದೆಯೂ, ಅವಳಿಗಿಂತ ಚೆನ್ನಾಗಿ ಕೆಡಬಲ್ಲ ಗಂಡಸು ಅಲ್ಲಿ ನಿಂತಿದ್ದಾನೆ.

ಇಲ್ಲೊಬ್ಬರು ಎದ್ದು ನಿಂತು, ಸರಿ ಸ್ವಾಮಿ, ಆದರೆ ನಾಟಕ ಇದಕ್ಕೆ ಮದ್ದನ್ನೂ ಕೊಟ್ಟಿದೆಯಲ್ಲ, ಮ್ಯಾಕ್‌ಡಫ್ ಇದ್ದಾನಲ್ಲ ಎಂದು ಕೇಳುತ್ತಾರೆ. ಗೈಡಿನ ಓದಿಗಿಂತ ಇದು ಹೆಚ್ಚು ಸುಸಂಸ್ಕೃತ ಓದು, ಉದಾರವಾದಿ ಪ್ರಾಧ್ಯಾಪಕರಿಗೆ ಪ್ರಿಯವಾದದ್ದು. ಹೆಂಡತಿ ಮಕ್ಕಳು ಸತ್ತ ಸುದ್ದಿ ಬಂದಾಗ ಡಂಕನ್‌ನ ಮಗ ಮಾಲ್ಕಮ್, ಗಂಡಸಿನಂತೆ ಎದುರಿಸು ಎನ್ನುತ್ತಾನೆ. ಎದುರಿಸುತ್ತೇನೆ, ಆದರೆ ಗಂಡಸಿನಂತೆ ನೋಯಲೂ ಬೇಕು ಎಂದು ಮ್ಯಾಕ್‌ಡಫ್ ಹೇಳುತ್ತಾನೆ. ನೋವನ್ನು ಒಪ್ಪಿಕೊಳ್ಳುವವನೇ ನಿಜವಾದ ಗಂಡಸು, ಇದೇ ಶೇಕ್ಸ್‌ಪಿಯರ್‌ನ ಆದರ್ಶ ಎಂದು ಇವರ ತೀರ್ಪು.

ಆ ಮಾತು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ರಂಗದ ಮೇಲೆ ಒಳ್ಳೆಯ ನಟ ಅದನ್ನು ಹೇಳಿದರೆ ಸಭೆ ಉಸಿರು ಬಿಗಿಹಿಡಿಯುತ್ತದೆ. ಆದರೆ ಅದರ ಹಿಂದು ಮುಂದು ಓದಬೇಕಲ್ಲವೇ? ಹಿಂದಿನದು ಮೊದಲು. ಹಿಂದಿನ ದೃಶ್ಯದಲ್ಲಿ ಲೇಡಿ ಮ್ಯಾಕ್‌ಡಫ್ ತನ್ನ ಕೋಟೆಯಲ್ಲಿ ಮಗನ ಜೊತೆ ಕೂತಿದ್ದಾಳೆ. ಗಂಡ ಹೇಳದೆ ಕೇಳದೆ ಇಂಗ್ಲೆಂಡಿಗೆ ಓಡಿದ್ದಾನೆ. ಗುಬ್ಬಿಯಂಥ ಹಕ್ಕಿಯೂ ಮರಿಗಳಿಗಾಗಿ ಗೂಬೆಯ ಮೇಲೆ ಬೀಳುತ್ತದೆ, ಇವನಿಗೆ ಅಷ್ಟೂ ಕರುಳಿಲ್ಲ ಎಂದು ಅವಳು ರೇಗುತ್ತಾಳೆ. ಮಗ ಅಪ್ಪನ ವಿಚಾರ ಕೇಳುತ್ತಾನೆ, ಅವಳು ಸತ್ತ ಎನ್ನುತ್ತಾಳೆ, ಅವನು ನಂಬುವುದಿಲ್ಲ. ತಾಯಿ ಮಗನ ನಡುವೆ ತಮಾಷೆಯ ಮಾತು ನಡೆಯುತ್ತದೆ. ಓಡಿಹೋಗು ಎಂದು ಯಾರೋ ಬಂದು ಎಚ್ಚರಿಸುತ್ತಾರೆ. ಎಲ್ಲಿಗೆ ಓಡಲಿ, ನಾನು ಯಾರಿಗೂ ಕೆಡುಕು ಮಾಡಿಲ್ಲ ಎಂದು ಹೇಳಿದವಳೇ ತನ್ನನ್ನು ತಾನು ತಿದ್ದಿಕೊಳ್ಳುತ್ತಾಳೆ. ಕೆಡುಕು ಮಾಡುವುದೇ ಎಷ್ಟೋ ಸಲ ಹೊಗಳಿಕೆ ತರುವ ಈ ಲೋಕದಲ್ಲಿ, ಕೆಡುಕು ಮಾಡಿಲ್ಲ ಎಂಬ ಹೆಂಗಸರ ವಾದವನ್ನು ಯಾಕೆ ಮುಂದಿಡುತ್ತಿದ್ದೇನೆ ಎಂದುಕೊಳ್ಳುತ್ತಾಳೆ. ಹೆಣ್ತನ ಬಿಟ್ಟವಳಿಗೆ ಶಿಕ್ಷೆ ಎನ್ನುವವರು ಈ ಹೆಂಗಸಿನ ಗತಿಗೆ ಏನು ಹೇಳುತ್ತಾರೆ? ಅವಳು ಹೆಣ್ತನ ಬಿಡಲಿಲ್ಲ. ಮನೆ ಬಿಡಲಿಲ್ಲ, ಮಕ್ಕಳನ್ನು ಬಿಡಲಿಲ್ಲ. ಪ್ರೇಕ್ಷಕರ ಕಣ್ಣೆದುರೇ ಮಗನನ್ನು ಇರಿದು ಕೊಲ್ಲುತ್ತಾರೆ, ಅವಳು ಕಿರುಚುತ್ತ ಓಡುತ್ತಾಳೆ, ಕೊಲೆಗಡುಕರು ಬೆನ್ನಟ್ಟುತ್ತಾರೆ. ಹೆಣ್ಣಾಗಿ ಉಳಿದವಳೂ ಸತ್ತಳು, ಹೆಣ್ತನ ಕಳಚಲು ಹೋದವಳೂ ಸತ್ತಳು. ಪಾಠ ಹೆಣ್ಣಿಗೆ ಎನ್ನುವುದಾದರೆ ಅವಳು ಕಲಿಯಬೇಕಾದ್ದು ಏನು ಎಂದು ಯಾರಾದರೂ ಹೇಳಿಕೊಡಲಿ.

ಹಿಂದಿನದು ಇನ್ನೂ ಒಂದಿದೆ. ಸುದ್ದಿ ಬರುವ ಮುಂಚೆ ಮಾಲ್ಕಮ್ ಮ್ಯಾಕ್‌ಡಫ್‌ನನ್ನು ಪರೀಕ್ಷಿಸಲು ತನ್ನ ಮೇಲೆ ತಾನೇ ಸುಳ್ಳು ದುರ್ಗುಣ ಹೊರಿಸಿಕೊಳ್ಳುತ್ತಾನೆ. ನನ್ನ ಕಾಮಕ್ಕೆ ತಳವಿಲ್ಲ, ನಿಮ್ಮ ಹೆಂಡಿರು, ಹೆಣ್ಣುಮಕ್ಕಳು ಸಾಲುವುದಿಲ್ಲ ಎನ್ನುತ್ತಾನೆ. ನಮ್ಮ ಆದರ್ಶ ಪುರುಷ ಮ್ಯಾಕ್‌ಡಫ್ ಅದಕ್ಕೆ, ಚಿಂತಿಸಬೇಡಿ, ಒಪ್ಪಿ ಬರುವ ಹೆಂಗಸರು ನಮ್ಮಲ್ಲಿ ಬೇಕಾದಷ್ಟಿದ್ದಾರೆ ಎಂದು ಸಮಾಧಾನ ಹೇಳುತ್ತಾನೆ! ಮನೆಯಲ್ಲಿ ಹೆಂಡತಿಯನ್ನು ಕಾವಲಿಲ್ಲದೆ ಬಿಟ್ಟು ಬಂದವನು, ಇನ್ನೊಬ್ಬರ ಹೆಂಡಿರನ್ನು ರಾಜನಿಗೆ ಲೆಕ್ಕ ಹಾಕಿ ಒಪ್ಪಿಸುತ್ತಿದ್ದಾನೆ. ಈ ದೃಶ್ಯ ಉದ್ದ, ಜಾಳು ಎಂದು ಎಷ್ಟೋ ತಂಡಗಳು ಕತ್ತರಿ ಹಾಕುತ್ತವೆ. ಹಾಕಿದರೆ ಮ್ಯಾಕ್‌ಡಫ್ ಬಲು ಸುಲಭವಾಗಿ ನಾಯಕನಾಗಿಬಿಡುತ್ತಾನೆ. ಇನ್ನು ಮುಂದಿನದು, ಆ ನೋವಿನ ಆಯುಸ್ಸಾದರೂ ಎಷ್ಟು? ದುಃಖ ಸಿಟ್ಟಾಗಲಿ, ಕತ್ತಿಗೆ ಸಾಣೆಕಲ್ಲಾಗಲಿ ಎಂದು ಮಾಲ್ಕಮ್ ಪುಸಲಾಯಿಸುತ್ತಾನೆ. ಹೆಂಗಸಿನ ಹಾಗೆ ಕಣ್ಣೀರು ಹಾಕಬಲ್ಲೆ, ಆದರೆ ಮ್ಯಾಕ್‌ಬೆತ್ ನನ್ನ ಕತ್ತಿಯ ಅಳತೆಗೆ ಸಿಗಲಿ ಎಂದು ಮ್ಯಾಕ್‌ಡಫ್ ತಯಾರಾಗಿಬಿಡುತ್ತಾನೆ. ಹ್ಞಾ, ಇದು ಗಂಡಸಿನ ರಾಗ ಎಂದು ಮಾಲ್ಕಮ್ ಬೆನ್ನು ತಟ್ಟುತ್ತಾನೆ. ನೋಯಲೂ ಬೇಕು ಎಂದು ಹೇಳಿ ಎರಡು ಡಜನ್ ಸಾಲು ಕಳೆಯುವುದರೊಳಗೆ ನೋವನ್ನು ಹೆಂಗಸರ ಖಾತೆಗೆ ಜಮಾ ಮಾಡಿ ಆಗಿದೆ. ಇಂಥ ವಿಷಯದಲ್ಲಿ ಶೇಕ್ಸ್‌ಪಿಯರ್ ಯಾರಿಗೂ ರಿಯಾಯಿತಿ ಕೊಡುವವನಲ್ಲ.

ಮ್ಯಾಕ್‌ಡಫ್‌ನ ಹೆಂಡತಿಯನ್ನು ಆಮೇಲೆ ನೆನೆಯುವವರು ಯಾರು? ಗಂಡನೊಬ್ಬ, ಯುದ್ಧಭೂಮಿಯಲ್ಲಿ, ಸೇಡಿನ ಲೆಕ್ಕದಲ್ಲಿ. ಇನ್ನೊಬ್ಬಳು ಲೇಡಿ ಮ್ಯಾಕ್‌ಬೆತ್. ನಿದ್ದೆಯಲ್ಲಿ ಕೈ ತಿಕ್ಕಿಕೊಳ್ಳುತ್ತ, ಫೈಫ್‌ನ ಒಡೆಯನಿಗೆ ಒಬ್ಬ ಹೆಂಡತಿಯಿದ್ದಳು, ಅವಳೀಗ ಎಲ್ಲಿದ್ದಾಳೆ ಎಂದು ಕೇಳುವವಳು ಅವಳು. ತಾನು ಮಾಡಿಸದ ಕೊಲೆಯೂ ಅವಳ ಕೈಗೆ ಅಂಟಿಕೊಂಡಿದೆ. ಭೂತಗಳಿಗೆ ಒಪ್ಪಿಸಲು ಹೋದ ಮರುಕ ಎಲ್ಲೂ ಹೋಗಿರಲಿಲ್ಲ, ಒಳಗೇ ಕೂತು ಬಡ್ಡಿ ಬೆಳೆಸಿಕೊಂಡಿತ್ತು. ಇದನ್ನು ಪ್ರಕೃತಿಯ ಸೇಡು ಎನ್ನುವವರು ಒಂದು ಸಣ್ಣ ಲೆಕ್ಕ ತಪ್ಪುತ್ತಾರೆ. ಇದೇ ರಕ್ತದಲ್ಲಿ ಮುಳುಗಿದ ಮ್ಯಾಕ್‌ಬೆತ್‌ಗೆ ಐದನೆಯ ಅಂಕದಲ್ಲಿ ಹೆಂಗಸರ ಗೋಳು ಕೇಳಿದರೂ ಮೈ ಜುಮ್ಮೆನ್ನುವುದಿಲ್ಲ, ಹೆಂಡತಿ ಸತ್ತ ಸುದ್ದಿಗೂ ಕಣ್ಣೀರು ಬರುವುದಿಲ್ಲ. ಅವನು ಗಂಡಸಾಗುವ ಪರೀಕ್ಷೆ ಪಾಸು ಮಾಡಿದ್ದಾನೆ. ಅವಳು ನಪಾಸಾಗಿದ್ದಾಳೆ. ಇಬ್ಬರಲ್ಲಿ ಯಾರ ಕಡೆ ಇನ್ನೂ ಮನುಷ್ಯತ್ವ ಉಳಿದಿದೆ ಎಂಬುದಕ್ಕೆ ವಿಮರ್ಶೆಯ ದೊಡ್ಡ ಗ್ರಂಥ ಬೇಕಿಲ್ಲ.

ಆಗಲೇ ಹೇಳಿದ ರಾಜಕಾರಣಿ ಈಗ ಬರುತ್ತಾನೆ. ನಾಟಕದ ಕಡೆಯ ಭಾಷಣದಲ್ಲಿ ಲೇಡಿ ಮ್ಯಾಕ್‌ಬೆತ್‌ಳನ್ನು ಪಿಶಾಚಿಯಂಥ ರಾಣಿ ಎಂದು ಕರೆಯುವವನು ಮಾಲ್ಕಮ್. ಅವನು ಅವಳನ್ನು ಎಷ್ಟು ಬಲ್ಲ? ಅಪ್ಪ ಸತ್ತ ಬೆಳಗ್ಗೆಯೇ ಇಂಗ್ಲೆಂಡಿಗೆ ಪರಾರಿಯಾದವನು. ಅವಳ ಸಾವನ್ನೂ ತನ್ನ ಕೈಯಿಂದಲೇ ಜೀವ ತೆಗೆದುಕೊಂಡಳಂತೆ ಎಂದು ಅಂತೆಕಂತೆಯಾಗಿಯೇ ಹೇಳುತ್ತಾನೆ. ಅವಳನ್ನು ಕಣ್ಣಾರೆ ಕಂಡವರು ಬೇರೆ ಇದ್ದಾರೆ. ರಾತ್ರಿಯೆಲ್ಲ ಕಾದು ಕೂತ ಸಖಿ, ಆ ಎದೆಯ ಭಾರ ನನಗೆ ಯಾವ ಪದವಿ ಕೊಟ್ಟರೂ ಬೇಡ ಎನ್ನುತ್ತಾಳೆ. ವೈದ್ಯ, ಇದು ನನ್ನ ಮದ್ದಿಗೆ ನಿಲುಕದ್ದು, ದೇವರು ನಮ್ಮೆಲ್ಲರನ್ನೂ ಕ್ಷಮಿಸಲಿ ಎನ್ನುತ್ತಾನೆ. ಕಂಡವರಿಗೆ ಕನಿಕರ, ಕಾಣದವನಿಗೆ ಪಿಶಾಚಿ. ಹೊಸದಾಗಿ ಪಟ್ಟಕ್ಕೆ ಬಂದವನು ಹಿಂದಿನವರ ಬಗ್ಗೆ ಆಡಿದ ಚಾಡಿಯನ್ನು ನಾಟಕಕಾರನ ತೀರ್ಪು ಎಂದು ನಾಲ್ಕು ಶತಮಾನ ಪಾಠ ಮಾಡಿದ್ದೇವೆ.

ಚರಿತ್ರೆಗೆ ಹೋದರೆ ಚಾಡಿ ಇನ್ನೂ ತೆಳ್ಳಗಾಗುತ್ತದೆ. ನಿಜವಾದ ಡಂಕನ್ 1040ರಲ್ಲಿ ಸತ್ತದ್ದು ಯುದ್ಧದಲ್ಲಿ, ಅತಿಥಿಯ ಹಾಸಿಗೆಯಲ್ಲಲ್ಲ. ಮ್ಯಾಕ್‌ಬೆತ್ 1057ರ ತನಕ ಹದಿನೇಳು ವರ್ಷ ಆಳಿದ. ಅವನ ಹೆಂಡತಿ ಗ್ರುವಾಕ್‌ಳ ಹೆಸರು ನಮಗೆ ಸಿಗುವುದು ಲಾಕ್ ಲೆವೆನ್‌ನ ಸನ್ಯಾಸಿಗಳಿಗೆ ಗಂಡ ಹೆಂಡತಿ ಭೂಮಿ ದಾನ ಕೊಟ್ಟ ದಾಖಲೆಯಲ್ಲಿ. ಹಾಲಿನ್‌ಶೆಡ್‌ನಲ್ಲಿ ಅವಳಿಗೆ ರಾಣಿಯಾಗುವ ಆಸೆಯಿತ್ತು ಎಂಬ ಒಂದು ಮಾತು ಬರುತ್ತದೆ. ಗಂಡನಿಂದ ಅತಿಥಿರಾಜನನ್ನು ಕೊಲ್ಲಿಸುವ ಹೆಂಡತಿ ಅಲ್ಲಿ ಬೇರೊಂದು ಕಥೆಯವಳು, ಡೊನ್ವಾಲ್ಡ್ ಎಂಬವನ ಹೆಂಡತಿ. ಶೇಕ್ಸ್‌ಪಿಯರ್ ಎರಡನ್ನೂ ಬೆಸೆದ. ಹಾಗಾದರೆ ಅವಳ ಪಾಪವನ್ನು ದೊಡ್ಡದು ಮಾಡಿದವನು ಅವನೇ ಅಲ್ಲವೇ ಎಂದು ಕೇಳಬಹುದು. ಹೌದು, ಅವಳನ್ನು ದೊಡ್ಡದು ಮಾಡಿದ. ಆದರೆ ಅವಳ ಸುತ್ತಲಿನ ಗಂಡಸರ ಬಾಯಿಗೆಲ್ಲ ಅದೇ ಗಂಡಸ್ತನದ ಮಾತನ್ನು ಹಾಕಿದವನೂ ಅವನೇ. ಒಂದನ್ನು ಓದಿ ಇನ್ನೊಂದನ್ನು ಬಿಡುವುದು ಅರ್ಧ ಓದು.

ಅವಳನ್ನು ಬಂಧನ ಮುರಿದ ಧೀರೆಯಾಗಿ ಮೆರೆಸುವ ಈಚಿನ ಓದು ನನಗೆ ಒಪ್ಪಿಗೆಯಿಲ್ಲ. ಅವಳು ಏನನ್ನೂ ಮುರಿಯಲಿಲ್ಲ. ಹೆಣ್ಣು ಮೃದು, ಗಂಡು ಕ್ರೂರ ಎಂಬ ಗೆರೆಯನ್ನು ಅಳಿಸದೆ, ಅದರ ಆಚೆ ಕಡೆಗೆ ನನ್ನನ್ನು ದಾಟಿಸಿ ಎಂದಷ್ಟೇ ಕೇಳಿದಳು. 1606ರ ಸುಮಾರಿಗೆ ಈ ನಾಟಕ ಆಡಿದಾಗ ಆ ಮಾತನ್ನು ಹೇಳಿದವನು ಹೆಣ್ಣುವೇಷದ ಹುಡುಗ, ಯಾಕೆಂದರೆ ಲಂಡನ್ನಿನ ವೃತ್ತಿರಂಗಭೂಮಿಯಲ್ಲಿ ಹೆಂಗಸರಿಗೆ ಆಗ ಜಾಗವಿರಲಿಲ್ಲ, 1660ರ ತನಕ ಕಾಯಬೇಕಾಯಿತು. ಇನ್ನೂ ಗಂಡಸಾಗದ ಹುಡುಗನೊಬ್ಬ ಹೆಣ್ಣಾಗಿ ನಿಂತು ಹೆಣ್ತನ ತೆಗೆಯಿರಿ ಎಂದು ಬೇಡಿದ್ದನ್ನು ಕಂಡ ಆ ಪ್ರೇಕ್ಷಕರಿಗೆ, ಗಂಡು ಹೆಣ್ಣು ಎಂಬುದು ತೊಟ್ಟು ಕಳಚುವ ವೇಷ ಎಂಬ ಅನುಮಾನ ನಮಗಿಂತ ಬೇಗ ಬಂದಿರಬೇಕು. ಗಡ್ಡವಿರುವ ಮಾಟಗಾತಿಯರನ್ನು ಕಂಡು ಇವರು ಹೆಂಗಸರೋ ಅಲ್ಲವೋ ಎಂದು ಬ್ಯಾಂಕೋ ತಡವರಿಸಿದ್ದಕ್ಕೂ ಅವರು ನಕ್ಕಿರಬೇಕು.

ಕನ್ನಡಕ್ಕೆ ಈ ನಾಟಕ ಬಂದು ನೂರು ವರ್ಷ ಮೀರಿದೆ. ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ದಿಂದ ಡಿ.ವಿ.ಜಿ.ಯವರ ಅನುವಾದ, ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕ’ದ ತನಕ ಇದು ಬೇರೆ ಬೇರೆ ವೇಷ ತೊಟ್ಟಿದೆ, ಬಿ.ವಿ. ಕಾರಂತರು 1979ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ‘ಬರ್ನಮ್ ವನ’ ಎಂದು ಯಕ್ಷಗಾನದ ಹೆಜ್ಜೆಯಲ್ಲಿ ಕುಣಿಸಿದರು. ಆದ್ದರಿಂದ ಮುಂದೆ ಇದನ್ನು ಎತ್ತಿಕೊಳ್ಳುವ ತಂಡಗಳಿಗೆ ನನ್ನದೊಂದು ಕೋರಿಕೆ: ಕಡೆಯ ದೃಶ್ಯದಲ್ಲಿ ಮಾಲ್ಕಮ್‌ನ ಪಡೆಯ ಮುದುಕ ಸಿವರ್ಡ್‌ನನ್ನು ಕತ್ತರಿಸಬೇಡಿ. ಅವನದು ಕೆಲವೇ ಸಾಲು, ಎರಡು ನಿಮಿಷ ಹಿಡಿಯದು, ಸಮಯ ಉಳಿಸುವ ನೆಪದಲ್ಲಿ ಮೊದಲು ಬಲಿಯಾಗುವವನು ಅವನೇ.

ಗೆದ್ದವರು ಸೇರಿದ್ದಾರೆ. ಮ್ಯಾಕ್‌ಬೆತ್‌ನ ಕೈಯಲ್ಲಿ ಸತ್ತ ಎಳೆಯ ಸಿವರ್ಡ್‌ನ ಸುದ್ದಿ ತಂದೆಗೆ ಬರುತ್ತದೆ. ಗಂಡಸಾಗುವ ತನಕ ಬದುಕಿದ, ಗಂಡಸೆಂದು ರುಜುವಾದ ಕೂಡಲೇ ಸತ್ತ ಎನ್ನುತ್ತಾನೆ ಸರದಾರ ರಾಸ್. ಸತ್ತದ್ದು ಖಚಿತವಾದ ಮೇಲೆ ತಂದೆ ಕೇಳುವ ಒಂದೇ ಪ್ರಶ್ನೆ, ಗಾಯ ಎದೆಗೋ ಬೆನ್ನಿಗೋ? ಎದುರಿಗೆ ಎಂದು ಉತ್ತರ ಬರುತ್ತದೆ. ಹಾಗಾದರೆ ದೇವರ ಸೈನಿಕನಾದ, ಕೂದಲಿನಷ್ಟು ಮಕ್ಕಳಿದ್ದರೂ ಇದಕ್ಕಿಂತ ಒಳ್ಳೆಯ ಸಾವು ಬಯಸೆ ಎಂದು ಮುದುಕ ಹೇಳುತ್ತಾನೆ. ಅವನಿಗಾಗಿ ಇನ್ನೂ ದುಃಖಪಡಬೇಕು, ನಾನು ಪಡುತ್ತೇನೆ ಎಂದು ಮಾಲ್ಕಮ್ ಸೌಜನ್ಯ ತೋರಿಸಿದರೆ, ಇಷ್ಟೇ ಸಾಕು ಎಂದು ಅಪ್ಪ ಕಡ್ಡಿ ಮುರಿಯುತ್ತಾನೆ. ಅಷ್ಟರಲ್ಲಿ ಮ್ಯಾಕ್‌ಡಫ್ ಮ್ಯಾಕ್‌ಬೆತ್‌ನ ರುಂಡ ಹಿಡಿದು ಬರುತ್ತಾನೆ. ಹೆಣ್ಣಿನಿಂದ ಹುಟ್ಟದವನಷ್ಟೇ ಮ್ಯಾಕ್‌ಬೆತ್‌ನನ್ನು ಕೊಲ್ಲಬಲ್ಲ ಎಂಬ ಭವಿಷ್ಯದ ಲೆಕ್ಕದ ಮೇಲೆ ಗೆದ್ದವನು ಅವನು, ತಾಯಿಯ ಹೊಟ್ಟೆ ಕೊಯ್ದು ಹೊರತೆಗೆದ ಮಗು. ಆ ಕಾಲದಲ್ಲಿ ಹಾಗೆ ಹೆತ್ತವಳು ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ, ಆ ತಾಯಿಗೆ ನಾಟಕದಲ್ಲಿ ಹೆಸರೂ ಇಲ್ಲ. ರಂಗದ ಮೇಲೆ ಒಬ್ಬ ಹೆಂಗಸೂ ಇಲ್ಲ. ಮಾಲ್ಕಮ್ ಸರದಾರರಿಗೆ ಸ್ಕಾಟ್ಲೆಂಡಿನಲ್ಲಿ ಹಿಂದೆಂದೂ ಇಲ್ಲದ ‘ಅರ್ಲ್’ ಪದವಿಯನ್ನು ಹಂಚುತ್ತಾನೆ, ಅವನಪ್ಪ ಎರಡನೆಯ ದೃಶ್ಯದಲ್ಲಿ ಕಾಡರ್‌ನ ಪದವಿ ಹಂಚಿದ ಹಾಗೆಯೇ. ಸಿವರ್ಡ್‌ನನ್ನು ಕತ್ತರಿಸಿದರೆ ಮಾಲ್ಕಮ್‌ನ ಭಾಷಣ ನ್ಯಾಯದ ತೀರ್ಪಿನಂತೆ ಕೇಳಿಸುತ್ತದೆ. ಉಳಿಸಿಕೊಂಡರೆ, ಮಗನ ಗಾಯ ಯಾವ ಕಡೆ ಎಂದು ವಿಚಾರಿಸಿ ಸಮಾಧಾನಪಟ್ಟ ಅಪ್ಪನೊಬ್ಬ ಪಕ್ಕದಲ್ಲೇ ನಿಂತಿರುವಾಗ, ಪಿಶಾಚಿ ಎಂಬ ಬೈಗುಳ ಯಾರಿಗೆ ಸಲ್ಲಬೇಕು ಎಂದು ಹಿಂದಿನ ಸಾಲಿನ ಪ್ರೇಕ್ಷಕನಿಗೂ ಅನುಮಾನ ಬರುತ್ತದೆ.